ಹಳ್ಳಿ ಗ್ರಂಥಾಲಯದ ಒಂಟಿ ಕುರ್ಚಿ

ಹನ್ನೊಂದು ವರ್ಷಗಳಿಂದ ನಾನು ವಾಸವಾಗಿರುವ ಅಮೆರಿಕದ ಸೌತ್ ಡಕೋಟಾ ರಾಜ್ಯವು ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. ಆದರೆ 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ 9 ಲಕ್ಷವನ್ನೂ ಮುಟ್ಟುವುದಿಲ್ಲ. ನಮ್ಮ ಕಡೆಯ ಒಂದು ಸಣ್ಣ ಜಿಲ್ಲೆಯ ಜನರನ್ನು ಇಡೀ ರಾಜ್ಯದ ತುಂಬ ಚೆಲ್ಲಿದಂತೆ. ಮೆಕ್ಕೆಜೋಳ ಮತ್ತು ಸೋಯಾಬೀನ್ ಹೊಲಗಳ ನಡುವೆ ಇರುವ ನಮ್ಮ ಚಿಕ್ಕ ಊರಿನ ಗ್ರಂಥಾಲಯದಲ್ಲಿ ಶನಿವಾರಗಳಂದು ನಾನು ಸ್ವಯಂಸೇವಕನಾಗಿ ಪುಸ್ತಕ ಜೋಡಿಸುವ ಕೆಲಸ ಮಾಡುತ್ತೇನೆ. ಅಲ್ಲಿರುವುದು ಒಬ್ಬರೇ ಗ್ರಂಥಪಾಲಕಿ. ಅತ್ತ ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ನನ್ನ ಚಿಕ್ಕಮ್ಮನ ಮಗಳು ಮೇಲ್ವಿಚಾರಕಿಯಾಗಿದ್ದಾಳೆ. ಅಲ್ಲಿಯೂ ಅವಳೊಬ್ಬಳೇ. ಬಾಗಿಲು ತೆರೆಯುವುದು, ಕಸ ಗುಡಿಸುವುದು, ಪತ್ರಿಕೆ ಹರಡುವುದು, ಪುಸ್ತಕ ಕೊಡುವುದು, ವಹಿ ಬರೆಯುವುದು, ಮಕ್ಕಳಿಗೆ ಕಥೆ ಹೇಳುವುದು, ಸಂಜೆ ಬೀಗ ಹಾಕುವುದು, ಇವಿಷ್ಟೂ ಎರಡೂ ಕಡೆ ಒಬ್ಬರ ಪಾಲಿಗೇ ಬಂದಿವೆ.

ಈ ಎರಡು ಗ್ರಂಥಾಲಯಗಳನ್ನು ಹೋಲಿಸಿದಾಗ ಕಟ್ಟಡ, ಕಂಪ್ಯೂಟರ್ ಮತ್ತು ಹಣದ ಅಂತರ ಯಾರ ಕಣ್ಣಿಗಾದರೂ ಬೀಳುತ್ತದೆ. ನನ್ನ ಮನಸ್ಸನ್ನು ಕಾಡಿದ ಅಂತರ ಬೇರೆಯದು. ಇಲ್ಲಿನ ಗ್ರಂಥಪಾಲಕಿಗೆ ಕೆಲಸದಲ್ಲಿ ಏನಾದರೂ ತೊಡಕಾದರೆ ಫೋನ್ ಮಾಡಲು ಹತ್ತಾರು ಮಂದಿ ಇದ್ದಾರೆ, ಅವರೆಲ್ಲರೂ ಅವರಂತೆಯೇ ಒಬ್ಬೊಬ್ಬರೇ ಗ್ರಂಥಾಲಯ ನಡೆಸುವವರು. ನನ್ನ ತಂಗಿಗೆ ಅಂಥವರು ಯಾರೂ ಇಲ್ಲ. ಪಕ್ಕದ ಪಂಚಾಯಿತಿಯ ಮೇಲ್ವಿಚಾರಕಿಯ ಹೆಸರು ಗೊತ್ತೇ ಎಂದು ಕಳೆದ ಸಲ ಊರಿಗೆ ಹೋದಾಗ ಕೇಳಿದೆ. ‘ಹೆಸರು ಗೊತ್ತೈತಿ ಅಣ್ಣಾ, ತಾಲ್ಲೂಕು ಮೀಟಿಂಗಿನ್ಯಾಗ ಮುಖಾ ನೋಡೀನಿ, ಮಾತಾಡಿಲ್ಲ’ ಎಂದಳು. ಈ ಅಂತರಕ್ಕೆ ಕಾರಣ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ವಸತಿ ಸಹಿತ ತರಬೇತಿ.

ಸೌತ್ ಡಕೋಟಾದ ರಾಜ್ಯ ಗ್ರಂಥಾಲಯವು ಸಣ್ಣ ಊರುಗಳ ಗ್ರಂಥಾಲಯ ಸಿಬ್ಬಂದಿಗಾಗಿ ಅಬರ್ಡೀನ್ ನಗರದ ನಾರ್ದರ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ತರಬೇತಿಯನ್ನು ನಡೆಸಿಕೊಂಡು ಬಂದಿದೆ. ಒಂದು ಬೇಸಿಗೆಯಲ್ಲಿ ಒಂದು ವಾರ. ಹೀಗೆ ನಾಲ್ಕು ಬೇಸಿಗೆ ಮುಗಿಸಿದವರಿಗೆ ಪ್ರಮಾಣಪತ್ರ. ವಾಸ ಮತ್ತು ಊಟ ವಿಶ್ವವಿದ್ಯಾಲಯದ ಆವರಣದಲ್ಲಿಯೇ. ಇಲ್ಲಿನ ದೊಡ್ಡ ನಗರಗಳಲ್ಲಿ ಗ್ರಂಥಪಾಲಕರಾಗಲು ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ಪದವಿ ಕೇಳುತ್ತಾರೆ, ಆದರೆ ಹಳ್ಳಿಗಳಲ್ಲಿ ಆ ಪದವಿ ಪಡೆದವರು ವಿರಳ. ನಮ್ಮ ಗ್ರಂಥಪಾಲಕಿ ಮೊದಲು ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಿದ್ದವರು. ಓದುವ ಹುಚ್ಚು ಇತ್ತೆಂಬ ಕಾರಣಕ್ಕೆ ಊರಿನವರು ಅವರನ್ನು ಗ್ರಂಥಾಲಯಕ್ಕೆ ಕರೆದರು, ವೃತ್ತಿಯನ್ನು ಅವರು ಕಲಿತದ್ದು ಆ ನಾಲ್ಕು ವಾರಗಳಲ್ಲಿ.

ಅವರು ಅಲ್ಲಿ ಕಲಿತದ್ದರಲ್ಲಿ ಒಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಹಿಂಬದಿಯ ಕೋಣೆಯ ಮೇಜಿನ ಮೇಲೆ ಬೆನ್ನು ಬಿಚ್ಚಿದ ಒಂದು ಮಕ್ಕಳ ಪುಸ್ತಕವನ್ನಿಟ್ಟು, ಹೆಣಿಗೆಯ ಕಡ್ಡಿಯೊಂದರ ತುದಿಯನ್ನು ಅಂಟಿನಲ್ಲಿ ಅದ್ದಿ, ಅದನ್ನು ಪುಸ್ತಕದ ಬೆನ್ನಿನ ಟೊಳ್ಳಿನೊಳಗೆ ತಿರುಗಿಸುತ್ತ ತಳದವರೆಗೆ ಇಳಿಸಿ ಹೊರತೆಗೆದರು. ಆಮೇಲೆ ಮೇಣದ ಕಾಗದ ಸುತ್ತಿ, ಮೇಲೆ ಎರಡು ದಪ್ಪ ನಿಘಂಟುಗಳನ್ನು ಹೇರಿ, ನಾಳೆಯವರೆಗೆ ಮುಟ್ಟಬೇಡ ಎಂದರು. ಸಾಮಾನ್ಯ ಸೆಲ್ಲೋಟೇಪನ್ನು ಎಂದಿಗೂ ಬಳಸಬಾರದು, ಅದು ಕೆಲವು ವರ್ಷಗಳಲ್ಲಿ ಹಳದಿಯಾಗಿ ಕಾಗದವನ್ನೇ ತಿನ್ನುತ್ತದೆ ಎಂಬುದನ್ನು ಅವರಿಗೆ ಹೇಳಿಕೊಟ್ಟವರು ಯಾವ ಪ್ರಾಧ್ಯಾಪಕರೂ ಅಲ್ಲ, ರಾತ್ರಿ ಊಟದ ನಂತರ ಪಕ್ಕದ ಕೋಣೆಯಲ್ಲಿದ್ದ, ಇನ್ನೊಂದು ಸಣ್ಣ ಊರಿನಿಂದ ಬಂದಿದ್ದ ಹಿರಿಯ ಗ್ರಂಥಪಾಲಕಿ. ವಸತಿ ತರಬೇತಿಯ ನಿಜವಾದ ಪಾಠಗಳು ವೇಳಾಪಟ್ಟಿಯಲ್ಲಿ ಇಲ್ಲದ ಹೊತ್ತಿನಲ್ಲಿ ನಡೆಯುತ್ತವೆ ಎಂದು ನಾನು ನಂಬತೊಡಗಿದ್ದು ಅಂದಿನಿಂದ. ಹಗಲಿನ ತರಗತಿಯಲ್ಲಿ ಕೈಯೆತ್ತಿ ಕೇಳಲು ಸಂಕೋಚವಾಗುವ ಪ್ರಶ್ನೆಗಳಿರುತ್ತವೆ: ಕುಡಿದು ಬಂದು ಕೂರುವವನನ್ನು ಹೇಗೆ ಕಳುಹಿಸಲಿ, ಆಡಳಿತ ಮಂಡಳಿಯ ಸದಸ್ಯರೇ ಪುಸ್ತಕ ಒಯ್ದು ಹಿಂದಿರುಗಿಸದಿದ್ದರೆ ಏನು ಮಾಡಲಿ, ಒಬ್ಬಳೇ ಇರುವಾಗ ಶೌಚಾಲಯಕ್ಕೆ ಹೋಗಬೇಕಾದರೆ ಬಾಗಿಲು ಹಾಕಬಹುದೇ? ಇಂಥವಕ್ಕೆ ಉತ್ತರ ಸಿಗುವುದು ರಾತ್ರಿಯ ಹರಟೆಯಲ್ಲಿ. ಅದೇ ಗುಂಪು ಮರುವರ್ಷ ಮತ್ತೆ ಸೇರಿದಾಗ, ಹೋದ ವರ್ಷ ಹೇಳಿದ್ದನ್ನು ಮಾಡಿ ನೋಡಿದೆ, ಫಲಿಸಲಿಲ್ಲ ಎಂದು ಹೇಳುವ ಅವಕಾಶವೂ ಇರುತ್ತದೆ.

ಈ ವಿಧಾನ ನಮಗೆ ಹೊರಗಿನದು ಎಂದು ಯಾರೂ ಭಾವಿಸಬೇಕಾಗಿಲ್ಲ. ಬರೋಡೆಯ ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1910ರಲ್ಲಿ ಅಮೆರಿಕದಿಂದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿಕೊಂಡು, ಮರುವರ್ಷವೇ ಗ್ರಂಥಪಾಲಕರ ತರಬೇತಿಯನ್ನು ಆರಂಭಿಸಿದ್ದರು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರು 1929ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘದ ಆಶ್ರಯದಲ್ಲಿ ತೆರೆದದ್ದೂ ಬೇಸಿಗೆ ಶಾಲೆಯೇ. ಅದೇ ರಂಗನಾಥನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು, 1962ರಲ್ಲಿ ಅಲ್ಲಿಯೇ ಪ್ರಲೇಖನ (ಡಾಕ್ಯುಮೆಂಟೇಶನ್) ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಗ್ರಂಥಾಲಯ ಶಿಕ್ಷಣದ ಇಷ್ಟು ದೊಡ್ಡ ಪರಂಪರೆ ನಮ್ಮ ರಾಜಧಾನಿಯಲ್ಲೇ ಇದ್ದೂ, ಅದರ ಸಾರ ಹಿರೇಕೆರೂರಿನ ಹಳ್ಳಿಯವರೆಗೆ ಹರಿಯಲಿಲ್ಲವಲ್ಲ ಎಂಬುದು ನನ್ನ ಕೊರಗು.

ಕರ್ನಾಟಕದಲ್ಲಿ ಕೆಲಸವೇ ಆಗಿಲ್ಲವೆಂದು ಹೇಳಿದರೆ ಅದು ಅನ್ಯಾಯವಾಗುತ್ತದೆ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆ ಪಟ್ಟಿ ಮಾಡಿರುವ 29 ವಿಷಯಗಳಲ್ಲಿ ಗ್ರಂಥಾಲಯವೂ ಒಂದು. ಅದಕ್ಕೆ ತಕ್ಕಂತೆ 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಆಡಳಿತಕ್ಕೆ ಬಂದವು. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನನ್ನ ತಂಗಿಯ ಗ್ರಂಥಾಲಯಕ್ಕೆ ಮಕ್ಕಳು ಸಾಲುಗಟ್ಟಿ ಬರತೊಡಗಿದ್ದು ಆಗಲೇ. ಈಗ ಅವು ‘ಅರಿವು ಕೇಂದ್ರ’ಗಳೆಂದು ಕರೆಯಿಸಿಕೊಳ್ಳುತ್ತಿವೆ. ಹಳ್ಳಿಹಳ್ಳಿಗೂ ಹೀಗೆ ಗ್ರಂಥಾಲಯದ ಜಾಲವಿರುವುದು ಹೆಮ್ಮೆಯ ಸಂಗತಿ. ಇಲ್ಲಿನ ಗೆಳೆಯರಿಗೆ ಐದೂವರೆ ಸಾವಿರಕ್ಕೂ ಮಿಗಿಲಾದ ಗ್ರಾಮ ಗ್ರಂಥಾಲಯಗಳು ಎಂದು ಹೇಳಿದಾಗ ಅವರು ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಸೌತ್ ಡಕೋಟಾದಲ್ಲಿ ಇರುವ ಸಾರ್ವಜನಿಕ ಗ್ರಂಥಾಲಯಗಳು ನೂರಕ್ಕೆ ತುಸು ಮೇಲೆ, ಅಷ್ಟೇ.

ಆದರೆ ಆ ಜಾಲದ ಪ್ರತಿಯೊಂದು ಗಂಟಿನಲ್ಲಿ ಕುಳಿತಿರುವ ವ್ಯಕ್ತಿಗೆ ಸಿಗುವ ತರಬೇತಿ ಹೇಗಿದೆ? ತಂಗಿ ಹೋಗಿಬಂದ ಎರಡು ದಿನಗಳ ತರಬೇತಿಯ ಬಗ್ಗೆ ಅವಳಿಂದಲೇ ಕೇಳಿದ್ದೇನೆ. ದೊಡ್ಡ ಸಭಾಂಗಣ, ನೂರಕ್ಕೂ ಹೆಚ್ಚು ಜನ, ಪರದೆಯ ಮೇಲೆ ಒಂದರ ಹಿಂದೊಂದು ಚಿತ್ರಗಳು, ನಮೂನೆಗಳನ್ನು ಭರ್ತಿ ಮಾಡುವ ಬಗೆ, ಫೋಟೊ ಅಪ್‌ಲೋಡ್ ಮಾಡುವ ಬಗೆ, ಸಂಜೆ ಐದಕ್ಕೆ ಬಸ್ಸು ಹಿಡಿಯುವ ಅವಸರ. ‘ಹೇಳಿದ್ದೆಲ್ಲಾ ಚಲೋನ ಇತ್ತಣ್ಣಾ, ಆದ್ರ ಕೈಯಾಗ ಒಂದ್ ಪುಸ್ತಕ ಕೊಟ್ಟು ಮಾಡಿಸ್ಲಿಲ್ಲ’ ಎಂದು ಅವಳು ಹೇಳಿದ ಮಾತಿನಲ್ಲಿ ದೂರಿಗಿಂತ ಹೆಚ್ಚಾಗಿ ಆಸೆಯಿತ್ತು. ಸರ್ಕಾರಿ ಸುತ್ತೋಲೆಯನ್ನು ಓದಿ ಹೇಳಿದರೆ ತರಬೇತಿಯಾಗುವುದಿಲ್ಲ. ಅವಳ ಗ್ರಂಥಾಲಯದಲ್ಲಿ ಮಳೆಗಾಲದ ತೇವಕ್ಕೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಗೋಡೆಗೆ ತಾಗಿಸಿಟ್ಟ ಕಪಾಟಿಗೆ ಗೆದ್ದಲು ಹತ್ತುತ್ತದೆ, ಅಂಟಿನಿಂದಷ್ಟೇ ಕಟ್ಟಿದ ಅಗ್ಗದ ಪುಸ್ತಕಗಳ ಹಾಳೆಗಳು ಮೂರನೇ ಓದುಗನ ಕೈಯಲ್ಲಿ ಉದುರುತ್ತವೆ. ಹಾವೇರಿಯ ಯಾವುದೇ ಹಳೆಯ ಬೈಂಡರನ್ನು ಕರೆತಂದು ಒಂದು ಮಧ್ಯಾಹ್ನ ಕೂರಿಸಿದರೆ, ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ ಹುಳ ಹತ್ತದಂತೆ ಮಾಡುವುದನ್ನೂ, ಬದಿಯಿಂದ ದಾರ ಹೊಲಿದು ಹಾಳೆ ಬಿಗಿಯುವುದನ್ನೂ ಅವರು ಮಾಡಿಸಿಯೇ ಕಲಿಸುತ್ತಾರೆ. ಅಬರ್ಡೀನಿನ ಪಾಠವನ್ನು ಹಾವೇರಿಗೆ ಒಯ್ಯಬೇಕೆಂದರೆ ಹೀಗೆ ಒಯ್ಯಬೇಕು. ಅಲ್ಲಿನ ಹೆಣಿಗೆ ಕಡ್ಡಿ ಮತ್ತು ಮೇಣದ ಕಾಗದ ನಮಗೆ ಬೇಕಾಗಿಲ್ಲ.

ವರ್ಗೀಕರಣದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಇಲ್ಲಿ ಹೊಸಬರಿಗೆ ಮೊದಲು ಕಲಿಸುವುದು ಡ್ಯೂಯಿ ದಶಮಾಂಶ ಪದ್ಧತಿ, ಅಂದರೆ ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕಗಳನ್ನು ಜೋಡಿಸುವ ಕ್ರಮ. ಆ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವ ಸಂಖ್ಯೆ 894.814. ಇಷ್ಟಕ್ಕೇ ನಿಲ್ಲಿಸಿದರೆ, ತಂಗಿಯ ಗ್ರಂಥಾಲಯದಲ್ಲಿರುವ ಕಥೆ, ಕಾದಂಬರಿ, ಕವಿತೆ, ನಾಟಕಗಳೆಲ್ಲವೂ ಒಂದೇ ಸಂಖ್ಯೆಯಡಿ ಬಂದು ಬೀಳುತ್ತವೆ, ಮುಂದಿನ ದಶಮಾಂಶಗಳನ್ನು ಓದಿಕೊಳ್ಳುವ ತಾಳ್ಮೆ ಏಳನೇ ತರಗತಿಯ ಹುಡುಗನಿಗೆ ಇರುವುದಿಲ್ಲ. ಅವಳು ತಾನೇ ಯೋಚಿಸಿ ಪುಸ್ತಕಗಳ ಬೆನ್ನಿಗೆ ಬಣ್ಣದ ಪಟ್ಟಿ ಅಂಟಿಸಿದ್ದಾಳೆ: ಮಕ್ಕಳ ಪುಸ್ತಕಕ್ಕೆ ಹಳದಿ, ಕಾದಂಬರಿಗೆ ಕೆಂಪು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಕ್ಕೆ ನೀಲಿ. ಅದು ಸರಿಯಾದ ಕೆಲಸ ಎಂದು ಅವಳಿಗೆ ಇದುವರೆಗೆ ಯಾರೂ ಹೇಳಿಲ್ಲ. ಅಂಥದ್ದನ್ನು ಮಾಡಿದ ಇತರರು ತಾಲ್ಲೂಕಿನಲ್ಲಿ ಖಂಡಿತ ಇರುತ್ತಾರೆ, ಅವರು ಒಬ್ಬರನ್ನೊಬ್ಬರು ನೋಡಿಲ್ಲ, ಅಷ್ಟೇ.

ತರಬೇತಿಯಿಂದ ತೊಲಗಬೇಕಾದದ್ದು ಮುಖ್ಯವಾಗಿ ಅಜ್ಞಾನವೆಂದು ನಾನು ಮೊದಲು ಎಣಿಸಿದ್ದೆ. ಈಗ ಅದು ಭಯವೆಂದು ತೋರುತ್ತದೆ. ಬೆಲೆಯುಳ್ಳ ಪುಸ್ತಕಗಳನ್ನು ತಂಗಿ ಅಲ್ಮೇರಾದಲ್ಲಿಟ್ಟು ಬೀಗ ಹಾಕಿರುತ್ತಾಳೆ. ಪುಸ್ತಕ ಕಳೆದರೆ ತನ್ನ ಕೈಯಿಂದಲೇ ಕಟ್ಟಬೇಕಾದೀತು ಎಂಬ ಅಳುಕು ಅವಳದು. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ, ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ 1,000 ಪುಸ್ತಕಗಳಿಗೆ 5 ಪುಸ್ತಕಗಳ ನಷ್ಟವನ್ನು, ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಸಹಜವೆಂದು ಪರಿಗಣಿಸಬಹುದೆಂದು ಹೇಳಿದೆ. ಅದು ಕೇಂದ್ರದ ಸಂಸ್ಥೆಗಳಿಗೆ ಮಾಡಿದ ನಿಯಮ, ನಿಜ. ಆದರೂ ಓದುವ ಕಡೆ ಪುಸ್ತಕ ಒಂದಿಷ್ಟು ಕಳೆಯುವುದು ಸಹಜವೆಂಬ ತತ್ವವನ್ನು ಸರ್ಕಾರವೇ ಒಪ್ಪಿ ಬರೆದಿಟ್ಟಿದೆ ಎಂಬುದು ಪ್ರತಿಯೊಬ್ಬ ಮೇಲ್ವಿಚಾರಕರ ಕಿವಿಗೆ ಬೀಳಬೇಕು; ತರಬೇತಿಗೆ ಬಂದ ಲೆಕ್ಕಪತ್ರದ ಅಧಿಕಾರಿಯೇ ಎದುರು ಕುಳಿತು, ತಮ್ಮ ರಾಜ್ಯದಲ್ಲಿ ಕಳೆದ ಪುಸ್ತಕವನ್ನು ದಾಸ್ತಾನು ವಹಿಯಿಂದ ತೆಗೆಯುವ ಕ್ರಮವೇನು, ಯಾರ ಸಹಿ ಬೇಕು ಎಂಬುದನ್ನು ಒಂದು ನಿಜವಾದ ವಹಿಯ ಮೇಲೆ ಬರೆಸಿ ತೋರಿಸಬೇಕು. ಆ ಒಂದು ಗಂಟೆಯ ಪಾಠದಿಂದ ತೆರೆದುಕೊಳ್ಳುವ ಅಲ್ಮೇರಾಗಳು ಎಷ್ಟೋ.

ಇಲ್ಲಿನ ಪದ್ಧತಿಯನ್ನು ನಮ್ಮ ಸಂಖ್ಯೆಗೆ ಒಗ್ಗಿಸಲು ಸಾಧ್ಯವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಇಡೀ ರಾಜ್ಯಕ್ಕೆ ಒಂದೇ ಕಡೆ ತರಬೇತಿ ಎಂಬುದು ನಮಗೆ ಆಗದ ಮಾತು. ಮೈಸೂರಿನ ಅಬ್ದುಲ್ ನಜೀರ್ ಸಾಬ್ ರಾಜ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಂಸ್ಥೆಯು ಕಲಿಸುವವರನ್ನು ಸಿದ್ಧಪಡಿಸಲಿ, ಕಲಿಯುವುದು ಜಿಲ್ಲೆಯಲ್ಲಿಯೇ ನಡೆಯಲಿ. ಗ್ರಾಮ ಗ್ರಂಥಾಲಯಗಳ ಮೇಲ್ವಿಚಾರಕರನ್ನು 31 ಜಿಲ್ಲೆಗಳಿಗೆ ಹಂಚಿದರೆ ಒಂದು ಜಿಲ್ಲೆಗೆ ಸರಾಸರಿ 180 ಮಂದಿ ಬರುತ್ತಾರೆ. 36 ಜನರ ಒಂದು ತಂಡವೆಂದರೆ ಐದು ತಂಡ, ಐದು ವಾರ. ಅಷ್ಟು ಜನ ತಂಗಲು ಜಾಗ ಎಲ್ಲಿದೆ ಎಂದು ಕೇಳುವವರು ಮೊರಾರ್ಜಿ ದೇಸಾಯಿ ಮತ್ತು ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳನ್ನು ನೆನೆಯಲಿ. ಬೇಸಿಗೆ ರಜೆಯಲ್ಲಿ ಅಲ್ಲಿನ ಮಂಚ, ಅಡುಗೆಮನೆ, ಬಚ್ಚಲು, ತರಗತಿ ಎಲ್ಲವೂ ಖಾಲಿ ಇರುತ್ತವೆ. ನಾನು ಒತ್ತಿ ಹೇಳಬಯಸುವುದು ಇಷ್ಟೇ: ಒಂದು ತಂಡವೆಂದು ಒಮ್ಮೆ ಕಟ್ಟಿದ 36 ಜನರನ್ನು ಮರುವರ್ಷ ಚದುರಿಸಬಾರದು. ಅದೇ ಜನ ಮೂರು ಅಥವಾ ನಾಲ್ಕು ಬೇಸಿಗೆ ಅದೇ ಊಟದ ಪಂಕ್ತಿಯಲ್ಲಿ ಕೂರಬೇಕು.

ಹಣದ ವಿಷಯದಲ್ಲಿ ನಮ್ಮ ಸ್ಥಿತಿ ಇಲ್ಲಿಗಿಂತ ಗಟ್ಟಿಯಾದ ನೆಲದ ಮೇಲಿದೆ ಎಂದರೆ ಅನೇಕರಿಗೆ ಅಚ್ಚರಿಯಾದೀತು. ಅಮೆರಿಕದ ಕೇಂದ್ರ ಸರ್ಕಾರವು ಹಳ್ಳಿಗಳ ಗ್ರಂಥಾಲಯ ಸೇವೆಗೆ ಹಣ ಕೊಡಲು ಆರಂಭಿಸಿದ್ದು 1956ರ ಕಾಯ್ದೆಯಿಂದ. ಆಗ ಅದು 10,000ಕ್ಕಿಂತ ಕಡಿಮೆ ಜನರಿರುವ ಊರುಗಳಿಗೆಂದೇ ಮೀಸಲಾಗಿತ್ತು. ಸಣ್ಣ ರಾಜ್ಯಗಳ ತರಬೇತಿಗೆ ಇಂದಿಗೂ ಅದೇ ಬಗೆಯ ಕೇಂದ್ರದ ಅನುದಾನ ಆಸರೆ. 2025ರ ಮಾರ್ಚ್‌ನಲ್ಲಿ ಆ ಅನುದಾನ ಹಂಚುವ ಕೇಂದ್ರ ಸಂಸ್ಥೆಯನ್ನೇ ಕುಗ್ಗಿಸಬೇಕೆಂದು ಅಧ್ಯಕ್ಷರ ಆದೇಶ ಹೊರಬಿದ್ದಾಗ, ಮುಂದಿನ ಬೇಸಿಗೆಗಳು ಏನಾಗುವವೋ ಎಂದು ನಮ್ಮ ಗ್ರಂಥಪಾಲಕಿ ಕಳವಳಗೊಂಡದ್ದನ್ನು ಕಂಡಿದ್ದೇನೆ. ಕರ್ನಾಟಕದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮವಿದೆ, ಆಸ್ತಿ ತೆರಿಗೆಯ ಪ್ರತಿ ರೂಪಾಯಿಯ ಜೊತೆ 6 ಪೈಸೆ ಗ್ರಂಥಾಲಯ ಕರ ವಸೂಲಾಗುತ್ತದೆ. ಸೌತ್ ಡಕೋಟಾದ ಗೆಳೆಯರು ಕೇಳಿ ಆಸೆಪಟ್ಟ ವ್ಯವಸ್ಥೆಯಿದು. ಆ ಆರು ಪೈಸೆಯಲ್ಲಿ ಒಂದು ಪಾಲು, ಕಟ್ಟಡ ಮತ್ತು ಪುಸ್ತಕಕ್ಕೆ ಹೋಗುವುದಕ್ಕೆ ಮುಂಚೆ, ಆ ಪುಸ್ತಕವನ್ನು ಓದುಗನ ಕೈಗಿಡುವ ವ್ಯಕ್ತಿಯ ಕಲಿಕೆಗೆಂದು ಮೀಸಲಾಗಲಿ.

ಮನೆ ಬಿಟ್ಟು ಒಂದು ವಾರ ಇರುವುದು ಹಳ್ಳಿಯ ಹೆಣ್ಣುಮಕ್ಕಳಿಗೆ ಸುಲಭವಲ್ಲವೆಂದು ಹೇಳಿ ಈ ಮಾತನ್ನು ಅಲ್ಲಿಗೇ ಮುಗಿಸುವವರಿದ್ದಾರೆ. ಕಷ್ಟ ನಿಜವಾದದ್ದೇ. ಆದರೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದದ್ದು ಇದೇ ಗ್ರಾಮೀಣಾಭಿವೃದ್ಧಿ ಇಲಾಖೆ. ತರಬೇತಿ ನಡೆಯುವ ವಸತಿ ಶಾಲೆಯ ಒಂದು ಕೋಣೆಯಲ್ಲಿ ಅಂಥದ್ದನ್ನೇ ನಡೆಸುವುದು ಅದಕ್ಕೆ ಹೊಸ ವಿದ್ಯೆಯೇನೂ ಅಲ್ಲ. ಬಸ್ಸಿನ ಖರ್ಚನ್ನು ಹೊರಡುವ ಮೊದಲೇ ಕೊಡಬೇಕು, ಆರು ತಿಂಗಳ ನಂತರ ಬಿಲ್ಲು ಮಂಜೂರಾಗಿ ಬರುವಂತಾಗಬಾರದು. ಹೋದ ಏಳು ದಿನಗಳನ್ನು ಕೆಲಸದ ದಿನಗಳೆಂದೇ ಲೆಕ್ಕ ಹಿಡಿಯಬೇಕು.

ತಂಗಿಯನ್ನು ನೇರವಾಗಿಯೇ ಕೇಳಿದ್ದೆ, ಒಂದು ವಾರ ಕಳಿಸಿದರೆ ಹೋಗುತ್ತೀಯಾ ಎಂದು. ಮಕ್ಕಳನ್ನು ಅತ್ತೆ ನೋಡಿಕೊಳ್ಳುತ್ತಾರೆ, ಅದರ ಚಿಂತೆ ಇಲ್ಲ ಎಂದಳು. ಅವಳ ಚಿಂತೆಯೆಲ್ಲ ಗ್ರಂಥಾಲಯದ ಬಾಗಿಲು ಒಂದು ವಾರ ಮುಚ್ಚಿರುತ್ತದಲ್ಲ ಎಂಬುದು. ನಮ್ಮ ಊರಿನ ಗ್ರಂಥಪಾಲಕಿ ಅಬರ್ಡೀನಿಗೆ ಹೋದಾಗ ಬಾಗಿಲು ತೆರೆಯುವವರು ನಿವೃತ್ತ ಶಿಕ್ಷಕಿಯೊಬ್ಬರು, ಅದಕ್ಕೆ ಆಡಳಿತ ಮಂಡಳಿ ಮೊದಲೇ ಒಪ್ಪಿಗೆ ಕೊಟ್ಟಿರುತ್ತದೆ ಎಂದು ಹೇಳಿದೆ. ಅವಳು ಒಂದು ಕ್ಷಣ ಯೋಚಿಸಿ, ದಿನವೂ ಸಂಜೆ ಓದಲು ಬರುವ ಪಿಯುಸಿಯ ಇಬ್ಬರು ಹುಡುಗಿಯರ ಹೆಸರು ಹೇಳಿದಳು. ‘ಎಲ್ಲಿ ಯಾವ ಪುಸ್ತಕ ಐತಿ ಅಂತ ನನಗಿಂತ ಅವರಿಗೇ ಚಲೋ ಗೊತ್ತೈತಿ. ಕೀಲಿ ಅವರ ಕೈಯಾಗ ಕೊಡಾಕ ಪಂಚಾಯ್ತಿಯವ್ರು ಒಂದ್ ಠರಾವು ಮಾಡಿದ್ರ ನಾ ನಾಳೇನ ಹೊಂಡ್ತೀನಿ’ ಎಂದಳು.