ಕರೆದದ್ದು ಯಾರು?

ನಾನು ಪ್ರೈಮರಿ ಓದಿದ್ದು ಎಪ್ಪತ್ತರ ದಶಕದ ಕೊನೆಯಲ್ಲಿ, ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಮಧ್ಯಾಹ್ನಕ್ಕೆ ಅಮೆರಿಕದಿಂದ ಬಂದ ಗೋಧಿಯ ಉಪ್ಪಿಟ್ಟು. ಪುಸ್ತಕಕ್ಕೆ ಬೈಂಡ್ ಹಾಕಲು ಸೋವಿಯತ್ ಪತ್ರಿಕೆಯ ಹಾಳೆ. ದಪ್ಪ, ನುಣುಪು, ವರ್ಷವಿಡೀ ಹರಿಯುತ್ತಿರಲಿಲ್ಲ. ಆ ಹಾಳೆಯ ಮೇಲೆ ಟ್ರ್ಯಾಕ್ಟರು, ನಗುವ ಹೆಂಗಸರು. ಎರಡೂ ದೇಶ ನಮಗೆ ಒಳ್ಳೆಯವೇ.

ಮನೆಯಲ್ಲಿ ಮಾತ್ರ ದೊಡ್ಡಪ್ಪ ರಷ್ಯಾ ಪಕ್ಷ, ಸೋದರಮಾವ ಅಮೆರಿಕ ಪಕ್ಷ. ಹಬ್ಬಕ್ಕೆ ಸೇರಿದರೆ ಜಗಳ ಗ್ಯಾರಂಟಿ. ಇವತ್ತಿಗೂ ಎಲ್ಲ ಕಡೆ ಅದೇ ಜಗಳ ನೋಡುತ್ತೇನೆ. ಉಕ್ರೇನ್ ಅಂದರೆ ಇರಾಕ್ ಅನ್ನುತ್ತಾರೆ, ಇರಾಕ್ ಅಂದರೆ ಅಫ್ಘಾನಿಸ್ತಾನ ಅನ್ನುತ್ತಾರೆ. ಒಬ್ಬನ ತಪ್ಪಿಗೆ ಇನ್ನೊಬ್ಬನ ತಪ್ಪನ್ನು ಜಾಮೀನು ನಿಲ್ಲಿಸುವ ವಾದ. ನನಗೆ ಇದು ಸಾಕಾಗಿದೆ. ಇಬ್ಬರೂ ಮಾಡಿದ್ದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಯಾರದ್ದೋ ಮನೆಗೆ ನುಗ್ಗುವ ಮೊದಲು ಇಬ್ಬರಿಗೂ ಒಂದು ಕರೆ ಬೇಕು. "ಅಲ್ಲಿನ ಜನರೇ ಎದ್ದರು", "ಅವರೇ ಕರೆದರು" ಅಂತ ತೋರಿಸಬೇಕು.

ಮಧ್ಯ ಅಮೆರಿಕದ ಪುಟ್ಟ ದೇಶ ಗ್ವಾಟೆಮಾಲಾ ನೋಡಿ. ಚುನಾವಣೆಯಲ್ಲಿ ಗೆದ್ದು ಬಂದ ಅಧ್ಯಕ್ಷ ಹಾಕೊಬೊ ಆರ್ಬೆನ್ಸ್ 1952ರಲ್ಲಿ ಭೂಸುಧಾರಣೆ ತಂದರು. ದೊಡ್ಡ ಎಸ್ಟೇಟುಗಳಲ್ಲಿ ಪಾಳು ಬಿದ್ದ ಜಮೀನನ್ನು ಭೂಮಿ ಇಲ್ಲದ ರೈತರಿಗೆ ಹಂಚುವುದು. ಅಲ್ಲಿ ಎಲ್ಲರಿಗಿಂತ ಜಾಸ್ತಿ ಜಮೀನು ಇದ್ದದ್ದು ಅಮೆರಿಕದ ಬಾಳೆಹಣ್ಣಿನ ಕಂಪನಿ ಯುನೈಟೆಡ್ ಫ್ರೂಟ್‌ಗೆ. ತೆರಿಗೆ ಲೆಕ್ಕದಲ್ಲಿ ಕಂಪನಿ ತಾನೇ ಬರೆಸಿದ್ದ ಬೆಲೆಗೆ ಪರಿಹಾರ ಕೊಡುತ್ತೇವೆ ಅಂತ ಸರ್ಕಾರ ಹೇಳಿತು. ನಮ್ಮಲ್ಲಿ ಸೈಟು ರಿಜಿಸ್ಟರ್ ಮಾಡಿಸುವಾಗ ಬೆಲೆ ಕಡಿಮೆ ತೋರಿಸುತ್ತಾರಲ್ಲ, ಹಾಗೆ ಬರೆಸಿದ್ದ ಬೆಲೆ. ಕಂಪನಿ ಒಪ್ಪುತ್ತದಾ?

1954ರ ಮೇ ತಿಂಗಳಲ್ಲಿ ಅಲ್ಲಿನ ರೇಡಿಯೋದಲ್ಲಿ ಹೊಸ ದನಿಯೊಂದು ಕೇಳಿತು. ಕಾಡಿನೊಳಗಿಂದ ಬಂಡಾಯಗಾರರು ಮಾತಾಡುತ್ತಿದ್ದೇವೆ, ಸಾವಿರಾರು ಜನ ಬರುತ್ತಿದ್ದಾರೆ ಅಂತ. ಆ ಕಾರ್ಯಕ್ರಮ ರೆಕಾರ್ಡ್ ಆಗುತ್ತಿದ್ದದ್ದು ಅಮೆರಿಕದ ಮಿಯಾಮಿಯಲ್ಲಿ, ಮಾಡಿಸುತ್ತಿದ್ದದ್ದು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ. ಗಡಿ ದಾಟಿ ಬಂದ ಪಡೆ ಐನೂರು ಜನವೂ ಇರಲಿಲ್ಲ. ಆದರೆ ಹೆದರಿಕೆ ಅಷ್ಟೊತ್ತಿಗೆ ತನ್ನ ಕೆಲಸ ಮುಗಿಸಿತ್ತು. ಸೇನಾಧಿಕಾರಿಗಳು ಕೈಬಿಟ್ಟರು. ಜೂನ್ 27ಕ್ಕೆ ಆರ್ಬೆನ್ಸ್ ರಾಜೀನಾಮೆ ಕೊಟ್ಟರು. 1960ರಿಂದ 1996ರವರೆಗೆ ಅಲ್ಲಿ ಅಂತರ್ಯುದ್ಧ. ಸತ್ತವರು, ಕಾಣೆಯಾದವರು ಸೇರಿ ಸುಮಾರು 2 ಲಕ್ಷ. ಅವರಲ್ಲಿ ಹೆಚ್ಚಿನವರು ಮಾಯಾ ಮೂಲನಿವಾಸಿಗಳು.

ಈಗ ಪ್ರಾಗ್‌ಗೆ ಬನ್ನಿ. 1968. ಅಲ್ಲಿನ, ಅಂದರೆ ಚೆಕೊಸ್ಲೊವಾಕಿಯಾದ, ನಾಯಕ ದುಬ್ಚೆಕ್ ಕಮ್ಯುನಿಸ್ಟರೇ. ಪತ್ರಿಕೆಗಳ ಮೇಲಿನ ಸೆನ್ಸಾರ್ ತೆಗೆದರು, ಜನ ಬಾಯಿಬಿಟ್ಟು ಮಾತಾಡಲು ಶುರು ಮಾಡಿದರು. ಮಾಸ್ಕೋಗೆ ಅಷ್ಟೇ ಸಾಕಾಯಿತು. ಆಗಸ್ಟ್ ಮೊದಲ ವಾರ ಬ್ರಾಟಿಸ್ಲಾವಾದಲ್ಲಿ ಕಮ್ಯುನಿಸ್ಟ್ ದೇಶಗಳ ನಾಯಕರ ಸಭೆ ನಡೆಯುತ್ತಿದ್ದಾಗ ಸೋವಿಯತ್ ನಾಯಕ ಬ್ರೆಜ್ನೆವ್ ಅವರಿಗೆ ಒಂದು ಪತ್ರ ಹೋಯಿತು. ಬಂದು ಕಾಪಾಡಿ ಅಂತ. ಸಹಿ ಮಾಡಿದವರು ದುಬ್ಚೆಕ್ ಪಕ್ಷದವರೇ ಐದು ಜನ. ಅದು ಕೈ ಬದಲಾದದ್ದು ಟಾಯ್ಲೆಟ್ಟಿನಲ್ಲಿ! ಒಂದು ದೇಶದ ಹಣೆಬರಹ ಹಾಗೆ ಕದ್ದುಮುಚ್ಚಿ ಹೋಯಿತು.

ಆಗಸ್ಟ್ 20ರ ರಾತ್ರಿ ಸೋವಿಯತ್ ಟ್ಯಾಂಕುಗಳು ನುಗ್ಗಿದವು. ಪ್ರಾಗ್ ಜನ ರಾತ್ರೋರಾತ್ರಿ ಬೀದಿಗಳ ಹೆಸರಿನ ಫಲಕ ಕಿತ್ತು ಹಾಕಿದರು, ಸೈನಿಕರಿಗೆ ದಾರಿ ತಿಳಿಯಬಾರದು ಅಂತ. ಮಾಸ್ಕೋ ಕಡೆ ಬಾಣ ಬರೆದ ಫಲಕಗಳನ್ನು ಮಾತ್ರ ಉಳಿಸಿದರು. ಇದನ್ನು ಓದಿದಾಗಲೆಲ್ಲ ನನ್ನ ಕಣ್ಣು ತುಂಬುತ್ತದೆ. ಆ ಪತ್ರ ಹೊರಗೆ ಬಂದದ್ದು 1992ರಲ್ಲಿ, ಸೋವಿಯತ್ ಒಕ್ಕೂಟವೇ ಇಲ್ಲದಾದ ಮೇಲೆ.

ಕಾಬೂಲ್ ಇನ್ನೂ ಘೋರ. ಅಫ್ಘನ್ ಸರ್ಕಾರ ಕರೆದದ್ದಕ್ಕೇ ಬಂದೆವು ಅಂದ ಸೋವಿಯತ್ ಸೈನ್ಯದವರು, 1979ರ ಡಿಸೆಂಬರ್ 27ರಂದು ಆ ಸರ್ಕಾರದ ಮುಖ್ಯಸ್ಥ ಹಫೀಜುಲ್ಲಾ ಅಮೀನ್ ಅವರನ್ನೇ ಅರಮನೆಗೆ ನುಗ್ಗಿ ಕೊಂದರು.

ಹಾಗಾದರೆ ಇಬ್ಬರೂ ಒಂದೇನಾ? ನಾನು ಹಾಗೆ ಹೇಳಲ್ಲ. ಅಮೆರಿಕದಲ್ಲಿ 1975ರಲ್ಲಿ ಅವರದೇ ಸೆನೆಟ್ ಸಮಿತಿ ಸಿಐಎಯ ಕೊಲೆ ಸಂಚುಗಳನ್ನು ಬಯಲಿಗೆ ತಂದಿತು. ಬ್ರೆಜ್ನೆವ್ ಕಾಲದ ಮಾಸ್ಕೋದಲ್ಲಿ ಅದು ಕನಸಿನ ಮಾತು. ಇದು ದೊಡ್ಡ ವ್ಯತ್ಯಾಸವೇ. ಆದರೆ ಹಳ್ಳಿಯೇ ಸುಟ್ಟುಹೋದ ಮಾಯಾ ತಾಯಿಗೆ ಆ ವರದಿಯಿಂದ ಏನು ಸಿಕ್ಕಿತು?

ನಮ್ಮ ದೇಶದ ಬಗ್ಗೆಯೂ ನನಗೆ ನೋವಿದೆ. 1968ರಲ್ಲಿ ಪ್ರಾಗ್ ದಾಳಿಯನ್ನು ಖಂಡಿಸುವ ನಿರ್ಣಯ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ಬಂದಾಗ ಭಾರತ ತಟಸ್ಥವಾಗಿ ಉಳಿಯಿತು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ವಿಷಯದಲ್ಲೂ ಅಷ್ಟೇ. ಶಸ್ತ್ರಾಸ್ತ್ರ, ಸ್ನೇಹ, ಕಾರಣ ಇರಬಹುದು. ಆದರೂ ಪರದೇಶದ ಆಳ್ವಿಕೆ ಕಂಡ ನಾವು ಸುಮ್ನೆ ಕೂತದ್ದು ಸರಿ ಅಂತ ನನಗೆ ಅನ್ನಿಸಿಲ್ಲ.

2014ರ ಮಾರ್ಚಿನಲ್ಲಿ ಉಕ್ರೇನಿನ ಕ್ರಿಮಿಯಾದಲ್ಲಿ ಗುರುತಿನ ಪಟ್ಟಿ ಇಲ್ಲದ ಸೈನಿಕರು ಓಡಾಡುತ್ತಿದ್ದಾಗ, ರಷ್ಯಾದ ರಾಯಭಾರಿ ಅದೇ ಭದ್ರತಾ ಮಂಡಳಿಯಲ್ಲಿ ಒಂದು ಪತ್ರ ಎತ್ತಿ ತೋರಿಸಿದರು. ಉಕ್ರೇನಿನ ಅಧ್ಯಕ್ಷರಾಗಿದ್ದ ಯಾನುಕೋವಿಚ್ ನಮ್ಮ ಸೈನ್ಯವನ್ನು ಕರೆದಿದ್ದಾರೆ ಅಂತ. ಯಾನುಕೋವಿಚ್ ಅಷ್ಟೊತ್ತಿಗೆ ಕೀವ್ ಬಿಟ್ಟು ರಷ್ಯಾ ಸೇರಿಕೊಂಡಿದ್ದರು.

ದೊಡ್ಡಪ್ಪ ಈಗಿಲ್ಲ. ಇದ್ದಿದ್ದರೆ ಬ್ರಾಟಿಸ್ಲಾವಾದ ಪತ್ರದ ಬಗ್ಗೆ ಕೇಳುತ್ತಿದ್ದೆ. ಮಾವನಿಗೆ ಮೊನ್ನೆ ಗ್ವಾಟೆಮಾಲಾ ರೇಡಿಯೋದ ಕಥೆ ಹೇಳಿದೆ. ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಹಂಚಿದ್ರಲ್ಲ ಆ ಜಮೀನು, ಅದು ರೈತರಿಗೆ ಉಳೀತಾ?"

"ಇಲ್ಲ ಮಾವ," ಅಂದೆ. "ಹೊಸ ಸರ್ಕಾರ ವಾಪಸ್ ಕಿತ್ಕೊಳ್ತು."