ಬೆವರಿನ ಅಂಗಿಗೂ ಮಡಿ

ನಮ್ಮಜ್ಜಿ ಮಡಿ ಸೀರೆಯನ್ನು ಯಾರ ಕೈಗೂ ಎಟುಕದ ಹಾಗೆ ಗಳದ ಮೇಲೆ ಕೋಲಿನಿಂದ ಹರವುತ್ತಿದ್ದರು. ಮಕ್ಕಳು ಮುಟ್ಟಿದರೆ ಮುಗೀತು, ಮತ್ತೆ ಒಗೆಯಬೇಕು. ಈಗ ಜಯನಗರದ ನಮ್ಮಕ್ಕನ ಮನೆಯಲ್ಲೂ ಅಂಥದ್ದೊಂದು ಬಟ್ಟೆ ಬಂದು ಕೂತಿದೆ. ವ್ಯತ್ಯಾಸ ಇಷ್ಟೇ. ಇದನ್ನು ಯಾರು ಮುಟ್ಟಿದರೂ ಒಗೆಯುವ ಹಾಗಿಲ್ಲ.

ಅದು ಫುಟ್‌ಬಾಲ್ ಗೋಲ್‌ಕೀಪರ್ ಅಂಗಿ. ತರಿಸಿದ್ದು ಅಕ್ಕನ ಮಗ, ಅಂದರೆ ನನ್ನ ಅಳಿಯ. 1996ರ ಯೂರೋ ಕಪ್‌ನಲ್ಲಿ ಇಂಗ್ಲೆಂಡಿನ ಡೇವಿಡ್ ಸೀಮನ್ ತೊಟ್ಟಿದ್ದ ಮಾದರಿಯದು. ಕೆಂಪು ಮೈ, ಅದರ ಮೇಲೆ ಸಿಕ್ಕ ಸಿಕ್ಕ ಬಣ್ಣ. ಪಾರ್ಸೆಲ್ ಬಿಚ್ಚಿದಾಗ ಅಕ್ಕ ಕೇಳಿದ್ದು ಒಂದೇ ಮಾತು: "ಇದೇನೋ, ಅಣ್ಣಮ್ಮನ ಉತ್ಸವದ ಆರ್ಕೆಸ್ಟ್ರಾ ಸೇರ್ಕೊಂಡ್ಯಾ?"

ಬೆಲೆ ಮೂವತ್ತೆರಡು ಸಾವಿರ. ಮನೆಯಲ್ಲಿ ಹೇಳಿದ್ದು ಮೂರು ಸಾವಿರದ ಇನ್ನೂರು. ಒಂದು ಸೊನ್ನೆಯನ್ನು ಅಳಿಯರಾಯರು ನುಂಗಿಕೊಂಡಿದ್ದಾರೆ. ಆ ಗುಟ್ಟು ನನಗೆ ಮಾತ್ರ ಗೊತ್ತಿತ್ತು. ಇವತ್ತು ಬರೆದುಬಿಟ್ಟೆ, ಅಕ್ಕ ಓದೋದಿಲ್ಲ ಅನ್ನೋ ಧೈರ್ಯ.

ಕಂಕುಳ ಹತ್ತಿರ ದಾರ ಕಿತ್ತಿದೆ. ಕೊರಳು ಸ್ವಲ್ಪ ಜೋತಿದೆ. ಅದು ಹರಕಲ್ಲವಂತೆ, ಕಾಲದ ಗುರುತಂತೆ. ನಮ್ಮ ಮನೆಗಳಲ್ಲಿ ಅಂಗಿಗೆ ಒಂದು ಜಾತಕ ಇರುತ್ತೆ, ನೋಡಿ. ಯುಗಾದಿಗೆ ಹೊಸದಾಗಿ ಬರುತ್ತೆ, ಎರಡು ವರ್ಷ ಆಫೀಸಿಗೆ ಹೋಗುತ್ತೆ, ಆಮೇಲೆ ರಾತ್ರಿ ಮಲಗೋದಕ್ಕೆ ಇಳಿಯುತ್ತೆ, ಕೊನೆಗೆ ಸ್ಕೂಟರ್ ಒರೆಸುತ್ತೆ. ಮೂವತ್ತು ವರ್ಷದ ಅಂಗಿ ಸ್ಕೂಟರನ್ನೂ ದಾಟಿ ಬಚ್ಚಲ ಕಟ್ಟೆ ಸೇರಿರಬೇಕಿತ್ತು. ಇದು ನೋಡಿದರೆ ಗಾಜಿನ ಬೀರುವಿನಲ್ಲಿದೆ. ಅಕ್ಕ ಪಾಪ, ಎರಡು ನುಸಿಗುಳಿಗೆ ಇಟ್ಟಿದ್ದಳು. ಹುಡುಗ ಕಿರುಚಿಕೊಂಡ. ಹಳೇ ವಾಸನೆ ಹೋದರೆ ಬೆಲೆನೂ ಹೋಗುತ್ತಂತೆ. ಆಟಗಾರರೇ ಮೈದಾನದಲ್ಲಿ ತೊಟ್ಟು ಬಿಚ್ಚಿದ ಅಂಗಿಯಾದರೆ ಒಗೆಯದೆ ಇರೋದಕ್ಕೇ ಬೆಲೆ ಜಾಸ್ತಿ. ಮಣ್ಣು, ಹುಲ್ಲಿನ ಕಲೆ, ಬೆವರು ಎಲ್ಲದಕ್ಕೂ ದುಡ್ಡು. ನಮ್ಮ ಬೀದಿಯ ಇಸ್ತ್ರಿಯವನಿಗೆ ಇದನ್ನು ಹೇಳಿದೆ. ಅವನು ಕೆಂಡ ಊದೋದನ್ನು ನಿಲ್ಲಿಸಿ ನನ್ನ ಮುಖ ನೋಡಿದ.

ಇರಲಿ, ಅಂಗಿಯ ಮಹಿಮೆ ಏನು ಅಂತ ಹುಡುಕಿದೆ. ಸೀಮನ್ ಒಳ್ಳೇ ಗೋಲ್‌ಕೀಪರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕೆಂಪಂಗಿ ತೊಟ್ಟು ನಿಂತ ಜರ್ಮನಿ ಎದುರಿನ ಸೆಮಿಫೈನಲ್ ಕಥೆ ಬೇರೆ. ಆಟ 1-1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು, ಅಂದರೆ ಒಬ್ಬೊಬ್ಬರೇ ಬಂದು ಒದೆಯೋದು, ಎದುರಿಗೆ ಗೋಲ್‌ಕೀಪರ್ ಒಬ್ಬನೇ. ಜರ್ಮನಿಯವರು ಆರು ಒದ್ದರು, ಆರೂ ಒಳಗೆ ಹೋದವು. ಇಂಗ್ಲೆಂಡ್ ಮನೆಗೆ ಹೋಯಿತು. ಅಂದರೆ ನಮ್ಮ ಹುಡುಗ ಮೂವತ್ತೆರಡು ಸಾವಿರ ಕೊಟ್ಟು ತಂದಿರೋದು ಆರರಲ್ಲಿ ಒಂದೂ ಹಿಡಿಯದ ಅಂಗಿ!

ಇನ್ನೊಂದು ಕಡೆ ನೋಡಿ. 2023ರ ಮಹಿಳಾ ವಿಶ್ವಕಪ್‌ನಲ್ಲಿ ಅದೇ ಇಂಗ್ಲೆಂಡಿನ ಮೇರಿ ಅರ್ಪ್ಸ್ ಫೈನಲ್‌ನಲ್ಲಿ ಪೆನಾಲ್ಟಿ ಹಿಡಿದರು, ಟೂರ್ನಿಯ ಅತ್ಯುತ್ತಮ ಗೋಲ್‌ಕೀಪರ್ ಅನ್ನಿಸಿಕೊಂಡರು. ಅವರ ಅಂಗಿ ಕೊಳ್ಳೋಣ ಅಂದರೆ ಅಂಗಡಿಯಲ್ಲೇ ಇಲ್ಲ. ಕಂಪನಿ ಅದನ್ನು ಮಾರಾಟಕ್ಕೇ ಇಟ್ಟಿರಲಿಲ್ಲ. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಸಹಿ ಹಾಕಿ ಕೇಳಿದ ಮೇಲೆ ಒಂದಿಷ್ಟು ಬಿಟ್ಟರು, ನೋಡನೋಡುತ್ತಲೇ ಖಾಲಿ.

ಹೋದ ಭಾನುವಾರ ಅಂಗಿ ಮೊದಲ ಸಲ ಬೀರುವಿನಿಂದ ಇಳಿಯಿತು. ಬನ್ನೇರುಘಟ್ಟ ರಸ್ತೆಯ ಕಡೆ ಒಂದು ಟರ್ಫ್, ಗಂಟೆ ಲೆಕ್ಕದಲ್ಲಿ ಬಾಡಿಗೆ. ಹತ್ತು ಹುಡುಗರು. ಬ್ರೆಜಿಲ್, ಅರ್ಜೆಂಟೀನಾ, ನೆದರ್ಲೆಂಡ್ಸ್, ಎಲ್ಲ ದೇಶವೂ ಹಾಜರ್. ಆಟ ಮಾತ್ರ ಶುರುವಾಗಲಿಲ್ಲ. ಎರಡೂ ಕಡೆ ಗೋಲಿಗೆ ನಿಲ್ಲೋರು ಯಾರೂ ಇಲ್ಲ.

"ನೀನೇ ನಿಂತ್ಕೋ ಮಗಾ, ಅಂಗಿ ಹಾಕಿದ್ದೀಯಲ್ಲ" ಅಂದರು.

"ಹುಚ್ಚಾ ನಿಂಗೆ? ಕೆಳಗೆ ಬಿದ್ರೆ ಅಂಗಿ ಏನಾಗುತ್ತೆ!" ಅಂದ ಅಳಿಯ. ಅವನು ಆಡಿದ್ದು ಫಾರ್ವರ್ಡ್, ಮುಂದೆ ನಿಂತು ಗೋಲು ಹೊಡೆಯೋ ಜಾಗ.

ನಮ್ಮ ಕಾಲದಲ್ಲಿ ಈ ತಕರಾರು ಇರಲಿಲ್ಲ. ಚೆಂಡು ಯಾರದೋ ಅವನು ಫಾರ್ವರ್ಡ್, ದಪ್ಪಗಿರೋನು ಗೋಲಿ. ಎರಡು ಜೊತೆ ಚಪ್ಪಲಿ ಇಟ್ಟರೆ ಗೋಲು. ನಾನು ಏಳು ವರ್ಷ ಅಪ್ಪನ ಹಳೇ ಸ್ವೆಟರ್ ಹಾಕಿಕೊಂಡು ಆ ಚಪ್ಪಲಿಗಳನ್ನು ಕಾದಿದ್ದೇನೆ.

ಕೊನೆಗೆ ಒಂದು ಕಡೆ ಗೋಲಿಗೆ ನಿಂತಿದ್ದು ಟರ್ಫ್ ನೋಡಿಕೊಳ್ಳೋ ಹುಡುಗ. ಮೈಮೇಲೆ ತೂತು ಬಿದ್ದ ಬನಿಯನ್. ಅದು ಕಾಲದ ಗುರುತಲ್ಲ, ಸುಮ್ನೆ ತೂತು. ಎದೆ ಕೊಟ್ಟ, ಮುಖ ಕೊಟ್ಟ, ನಾನು ಎಣಿಸಿದ ಹಾಗೆ ಏಳು ಹಿಡಿದ. ಮಧ್ಯೆ ಯಾರೋ ನೀರು ಕೇಳಿದರೆ ಓಡಿ ಹೋಗಿ ಬಾಟಲಿ ತಂದೂ ಕೊಟ್ಟ. ಆಟ ಮುಗಿದ ಮೇಲೆ ಫೋಟೋ. ಅಳಿಯ ಗೋಲಿನ ಮುಂದೆ ಟವೆಲ್ ಹಾಸಿ, ಅದರ ಮೇಲೆ ಹಾರಿ ಬಿದ್ದವನ ಹಾಗೆ ಮಲಗಿದ. ಅವನ ಕೈಗೆ ಚೆಂಡು ತಂದು ಇಟ್ಟಿದ್ದು ಆ ಹುಡುಗನೇ. ಫ್ರೇಮಿಗೆ ಅಡ್ಡ ಬರ್ತೀಯ, ಪಕ್ಕಕ್ಕೆ ಹೋಗು ಅಂದರು.

ಗೌತಮಪುರದಲ್ಲಿ ಬ್ರೆಜಿಲಿನ ಆಟಗಾರ ಪೆಲೆಯ ಪ್ರತಿಮೆ ನಿಲ್ಲಿಸಿದ ಊರು ಇದು. ಅದು ಪ್ರೀತಿ, ಅದಕ್ಕೆ ನನ್ನ ತಕರಾರಿಲ್ಲ. ಅಲ್ಲಿನ ಮಕ್ಕಳು ಬಿದ್ದು ಎದ್ದು ಆಡುತ್ತಾರೆ.

ವಾಪಸ್ ಬರುವಾಗ ಡೈರಿ ಸರ್ಕಲ್ ಸಿಗ್ನಲ್‌ನಲ್ಲಿ ಅಳಿಯನಿಗೆ ಕೆಂಚಪ್ಪ ವರದರಾಜ್ ಕಥೆ ಹೇಳಿದೆ. ಮೈಸೂರು ತಂಡದ ಗೋಲಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ಎದುರು ಭಾರತದ ಗೋಲು ಕಾದವರು. ಅವರ ಮುಂದೆ ಮೈದಾನದಲ್ಲಿ ನಮ್ಮವರಲ್ಲಿ ಬಹಳಷ್ಟು ಜನ ಬರಿಗಾಲಲ್ಲೇ ಆಡುತ್ತಿದ್ದರು. ಎರಡು ಪೆನಾಲ್ಟಿ ನಾವೇ ಹಾಳು ಮಾಡಿಕೊಂಡೆವು. ನಮ್ಮ ಬೆಂಗಳೂರಿನ ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಆಟ ಮುಗಿಯೋ ಹೊತ್ತಿಗೆ ಫ್ರಾನ್ಸ್ ಇನ್ನೊಂದು ಹೊಡೆದು 2-1ರಲ್ಲಿ ಗೆದ್ದಿತು.

ಹುಡುಗ ಮಾತಾಡಲಿಲ್ಲ. ಕಣ್ಣು ಸ್ವಲ್ಪ ಅಗಲವಾಗಿತ್ತು. ನಾಟಿತು ಅಂದುಕೊಂಡೆ. ಸಿಗ್ನಲ್ ಬಿಟ್ಟಿತು, ಹಿಂದಿನವನು ಹಾರ್ನ್ ಹೊಡೆದ.

"ಮಾವ, ಆ ಅಂಗಿ ಈಗ ಯಾರ ಹತ್ರ ಇರಬಹುದು?" ಅಂದ. "ಮೀಡಿಯಂ ಸೈಜೇ ಇರುತ್ತೆ ಅಲ್ವಾ?"