ಬಯಾಪ್ಸಿ ಆಗದೆ ‘ಮೂಳೆ ಸೋಂಕು’ ಎಂದು ಬರೆಯಬಹುದಾ?

ಶುಗರ್ ಇರುವವರ ಪಾದದ ಹುಣ್ಣು ಆಳಕ್ಕಿಳಿದು ಮೂಳೆಗೆ ತಗುಲಿದರೆ ಅದು ಆಸ್ಟಿಯೋಮೈಲೈಟಿಸ್. ಗಟ್ಟಿ ಸಾಕ್ಷಿ ಬೇಕೆಂದರೆ ಮೂಳೆಯ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು, ಅದೇ ಬಯಾಪ್ಸಿ. ಅದಾಗದೆ ಕೇಸ್ ಶೀಟಿನಲ್ಲಿ ರೋಗದ ಹೆಸರು ಬರೆದು ಅದರ ಕೋಡ್ (ದಾಖಲೆಯಲ್ಲಿ ರೋಗಕ್ಕೆ ಕೊಡುವ ಗುರುತಿನ ಸಂಖ್ಯೆ) ಹಾಕುವುದು ಸರಿಯಾ?

ಪರ: ಬರೆಯಲೇಬೇಕು

ಮೊಂಡು ತುದಿಯ ಸ್ಟೀಲ್ ಕಡ್ಡಿಯನ್ನು (ಪ್ರೋಬ್) ಹುಣ್ಣಿನೊಳಗೆ ಇಳಿಸಿದಾಗ ಕಲ್ಲಿಗೆ ತಾಗಿದ ಹಾಗಾದರೆ ಅದು ಮೂಳೆ. ಒಂದು ನಿಮಿಷದ ಕೆಲಸ. ಜೊತೆಗೆ, ರಕ್ತ ಪರೀಕ್ಷೆಯಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ 70 ದಾಟಿದೆ, ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಕರಗಿದೆ ಎಂದರೆ ಇನ್ನೇನು ಬೇಕು? 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಮೊದಲು ಪ್ರೋಬ್, ರಕ್ತ ಪರೀಕ್ಷೆ, ಎಕ್ಸ್‌ರೇ ಮೂರನ್ನೂ ಒಟ್ಟಿಗೆ ನೋಡಿ ಎನ್ನುತ್ತದೆ. ಅನುಮಾನ ಉಳಿದರೆ ಎಂಆರ್‌ಐ.

ಬಯಾಪ್ಸಿಯನ್ನೇ ಕಾಯೋಣ ಎನ್ನುವವರು ಅದರ ಕಷ್ಟ ಮರೆಯುತ್ತಾರೆ. ಸೂಜಿ ಸೋಂಕಿಲ್ಲದ ಜಾಗಕ್ಕೆ ಹೋಗಬಹುದು. ಆ್ಯಂಟಿಬಯೋಟಿಕ್ ಆಗಲೇ ಶುರುವಾಗಿದ್ದರೆ ಕಲ್ಚರ್‌ನಲ್ಲಿ (ಲ್ಯಾಬಿನಲ್ಲಿ ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೇ ಇರಬಹುದು. ಹಾಗಂತ ರೋಗವೇ ಇಲ್ಲ ಅನ್ನೋಕಾಗುತ್ತಾ?

ಬರೆಯದಿದ್ದರೆ ಆಗುವ ನಷ್ಟ ಜಾಸ್ತಿ. ಶೀಟಿನಲ್ಲಿ ‘ಪಾದದ ಹುಣ್ಣು’ ಅಂತ ಮಾತ್ರ ಇದ್ದರೆ, ಮುಂದೆ ನೋಡುವ ಡಾಕ್ಟರು ಹತ್ತು ದಿನಕ್ಕೇ ಔಷಧಿ ನಿಲ್ಲಿಸಬಹುದು. ಮೂಳೆ ತೆಗೆಯದೆ ವಾಸಿ ಮಾಡಲು ಸುಮಾರು 6 ವಾರ ಬೇಕು. ಎಂಆರ್‌ಐ ವರದಿಯಲ್ಲಿ ಇದೆಯಲ್ಲ ಎನ್ನಬೇಡಿ. ಅಮೆರಿಕದ ಕೋಡಿಂಗ್ ನಿಯಮದ ಪ್ರಕಾರ, ನೋಡಿಕೊಳ್ಳುವ ಡಾಕ್ಟರು ತಾವೇ ಬರೆಯದೆ, ಬರೀ ಸ್ಕ್ಯಾನ್ ವರದಿ ನೋಡಿ ಒಳರೋಗಿಗೆ ಕೋಡ್ ಹಾಕುವ ಹಾಗಿಲ್ಲ. ಪಾದದ ಸೋಂಕಿನ ದರ್ಜೆ ಬರೆಯುವಾಗ ಪಕ್ಕದಲ್ಲಿ ಇಂಗ್ಲಿಷಿನ ‘O’ ಅಂತ ಒಂದಕ್ಷರ (ಆಸ್ಟಿಯೋಮೈಲೈಟಿಸ್ ಪದದ ಮೊದಲಕ್ಷರ) ಸೇರಿಸುವ ಪದ್ಧತಿ 2019ರಿಂದ ಇದೆ. ಅದೊಂದು ಅಕ್ಷರ ಮೂಳೆಯ ಕಥೆ ಹೇಳುತ್ತದೆ. ಅಷ್ಟಾದರೂ ಬರೆಯಿರಿ.

ವಿರೋಧ: ಅಷ್ಟು ಅವಸರ ಬೇಡ

ನಾನು ಶೀಟು ಓದಿ ಕೋಡ್ ಹಾಕುವವಳು. ಡಾಕ್ಟರಿಗೆ ‘ಬಹುಶಃ’ ಎಂಬ ಪದ ಇದೆ. ನನ್ನ ಕೋಡಿಗೆ ಇಲ್ಲ. ಅಮೆರಿಕದ ರೋಗ ಕೋಡುಗಳ ಪಟ್ಟಿ ಐಸಿಡಿ-10-ಸಿಎಂನಲ್ಲಿ ಎಂ86.171 ಎಂದು ಬಿತ್ತು ಅಂದರೆ ಬಲ ಕಣಕಾಲು ಅಥವಾ ಪಾದದ ಮೂಳೆಯಲ್ಲಿ ಅಕ್ಯೂಟ್ (ಹೊಸದಾಗಿ ಶುರುವಾದ) ಸೋಂಕು ಇದೆ, ಮುಗೀತು. ಅಲ್ಲಿನ ನಿಯಮ ಇನ್ನೂ ತಮಾಷೆ. ಒಳರೋಗಿ ಡಿಸ್ಚಾರ್ಜ್ ಆಗುವಾಗ ‘ಬಹುಶಃ ಆಸ್ಟಿಯೋಮೈಲೈಟಿಸ್’ ಅಂತಿದ್ದರೆ ಇದೆ ಎಂದೇ ಕೋಡ್ ಮಾಡಬಹುದು. ಅದೇ ಮನುಷ್ಯ ಹೊರರೋಗಿಯಾಗಿ ಬಂದರೆ ಮಾಡುವಂತಿಲ್ಲ. ಮೂಳೆ ಒಂದೇ. ಮಂಚದ ಮೇಲೆ ಮಲಗಿದರೆ ರೋಗ ಖಚಿತ, ಕುರ್ಚಿಯಲ್ಲಿ ಕೂತರೆ ಅಲ್ಲವಾ?

ಇನ್ನು ಪ್ರೋಬ್. 1995ರ ಹೆಸರಾದ ಅಧ್ಯಯನದಲ್ಲಿ, ಮೂಳೆ ತಾಗಿದ 100ರಲ್ಲಿ 89 ಸಲ ನಿಜಕ್ಕೂ ಸೋಂಕಿತ್ತು. ಆದರೆ ಅವರು ಕಾಲಿನ ಸೋಂಕು ಜೋರಾಗಿ ಆಸ್ಪತ್ರೆ ಸೇರಿದ್ದವರು. 2007ರಲ್ಲಿ ಕ್ಲಿನಿಕ್ಕಿನ ರೋಗಿಗಳಲ್ಲಿ ನೋಡಿದಾಗ ಅದು 57ಕ್ಕೆ ಇಳಿಯಿತು. ಅದೇ ಪರೀಕ್ಷೆ, ರೋಗಿಗಳು ಬೇರೆ. ಈ ಕ್ಲಿನಿಕ್ಕಿನ ರೋಗಿಗಳಲ್ಲಿ, ತಾಗದಿದ್ದರೆ ಸೋಂಕಿಲ್ಲ ಎಂದು ಹೇಳಲು ಅದು ತುಂಬಾ ಒಳ್ಳೆಯದು, 100ರಲ್ಲಿ 98 ಸಲ ನಿಜ. ತಾಗಿದರೆ ಇದೆ ಎನ್ನಲು ಅಷ್ಟು ನೆಚ್ಚಿಕೊಳ್ಳಬೇಡಿ.

ಎಕ್ಸ್‌ರೇಯಲ್ಲಿ ಬದಲಾವಣೆ ಕಾಣಲು ಎರಡು-ಮೂರು ವಾರ ಬೇಕು. ಎಂಆರ್‌ಐನಲ್ಲಿ ಶಾರ್ಕೋ ಪಾದವೂ (ಶುಗರ್‌ನಿಂದ ನರ ಸತ್ತು ಮೂಳೆ-ಕೀಲು ಹಾಳಾದ ಪಾದ) ಸೋಂಕಿನ ಹಾಗೇ ಹೊಳೆಯುತ್ತದೆ. ಮೇಲಿನ ಹುಣ್ಣಿಂದ ತೆಗೆದ ಸ್ವಾಬ್‌ನ ರೋಗಾಣು ಒಂದು, ಒಳಗಿನ ಮೂಳೆಯದು ಇನ್ನೊಂದು ಆಗುವುದು ಮಾಮೂಲು. ಮೂಳೆಯ ಚೂರನ್ನು ನೋಡದೆ ಕೊಟ್ಟ 6 ವಾರದ ಔಷಧಿ ತಪ್ಪು ರೋಗಾಣುವಿನ ಮೇಲೆ ಹೋಗಬಹುದು.

ಎಲ್ಲರಿಗೂ ಬಯಾಪ್ಸಿ ಆಗಲ್ಲ, ಒಪ್ಪಿದೆ. ಹಾಗಾದರೆ ಯಾವ ಮೂಳೆ, ಎಡವೋ ಬಲವೋ, ಅಕ್ಯೂಟಾ ಕ್ರಾನಿಕ್ಕಾ (ಹೊಸದಾ ಹಳೆಯದಾ), ಯಾವ ಆಧಾರದ ಮೇಲೆ ಅಂತ ಬರೆಯಿರಿ. ಸುಮ್ನೆ ‘ಆಸ್ಟಿಯೋ ಪ್ಲಸ್’ ಎಂದರೆ ನಾನು ಹಾಕುವುದು ಎಂ86.9, ಎಲ್ಲಿಯದು ಎಂಬ ಗುರುತೇ ಇಲ್ಲದ ಕೋಡ್. ಒಮ್ಮೆ ಬಿದ್ದ ಹೆಸರು ಶೀಟಿನಿಂದ ಶೀಟಿಗೆ ನಕಲಾಗುತ್ತಾ ಹೋಗುತ್ತದೆ. ಎರಡು ವರ್ಷ ಬಿಟ್ಟು ಅದೇ ಕಾಲು ಊದಿಕೊಂಡು ಬಂದರೆ ‘ಇವರಿಗೆ ಮೊದಲೇ ಇತ್ತಲ್ಲ’ ಎನ್ನುತ್ತಾರೆ. ಮೊದಲ ಸಲ ಅದನ್ನು ಬರೆದವರು ಏನು ನೋಡಿ ಬರೆದರು ಅಂತ ಹಿಂದಿನ ಪುಟ ತಿರುವುವವರು ಯಾರೂ ಇರುವುದಿಲ್ಲ.